ಮೋಟಾರು ತುಳಿಯದ ಬೆಟ್ಟದ ದಾರಿ

ಆಲ್ಪ್ಸ್ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಹಿಮದ ಶಿಖರ. ಭೂಗೋಳದ ಪಾಠದಲ್ಲಿ ಕಲಿತದ್ದೂ ಅದನ್ನೇ, ಗೋಡೆಯ ಕ್ಯಾಲೆಂಡರಿನಲ್ಲಿ ಕಂಡದ್ದೂ ಅದನ್ನೇ. ಆದರೆ ಆ ಪರ್ವತದ ಮಡಿಲಲ್ಲಿ ಬಾಳುವ ಜರ್ಮನ್ ನುಡಿಯ ರೈತನನ್ನು ಕೇಳಿದರೆ ಆತ ಬೇರೆಯೇ ಅರ್ಥ ಹೇಳುತ್ತಾನೆ. ಅವನ ಆಡುಮಾತಿನಲ್ಲಿ 'ಆಲ್ಪ್' ಎಂದರೆ ಶಿಖರವಲ್ಲ. ಬೇಸಗೆಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವ ಮೇಲಣ ಹುಲ್ಲುಗಾವಲು. ಪ್ರವಾಸಿಗೆ ಕಂಡದ್ದು ಮಂಜು, ಒಕ್ಕಲಿಗನಿಗೆ ಕಂಡದ್ದು ಮೇವು. ಹಳ್ಳಿಯಿಂದ ಆ ಹುಲ್ಲುಗಾವಲಿಗೆ ಒಂದು ದಾರಿ ಏರುತ್ತದೆ. ಅದಕ್ಕೆ ಡಾಂಬರಿಲ್ಲ, ಜಲ್ಲಿ ಮತ್ತು ಗರಸು ಹಾಸಿದ ದಾರಿ. ಈ ಹೊತ್ತು ನಾನು ಹೇಳಹೊರಟಿರುವುದು ಅಂಥ ದಾರಿಗಳ ವಿಚಾರ, ಮತ್ತು ಅವುಗಳ ಮೇಲೆ ಮೋಟಾರಿನ ಕಾಟವಿಲ್ಲದೆ ಸೈಕಲ್ ತುಳಿದುಕೊಂಡು ಹೋಗುವವರ ವಿಚಾರ.

ಆಲ್ಪ್ಸ್ ಶ್ರೇಣಿ ಫ್ರಾನ್ಸಿನ ದಕ್ಷಿಣದ ಕಡಲ ಬಳಿಯಿಂದ ಹೊರಟು, ಬಿಲ್ಲಿನಂತೆ ಬಾಗಿ, ಪೂರ್ವಕ್ಕೆ ಸ್ಲೊವೇನಿಯದವರೆಗೆ ಸುಮಾರು ೧,೨೦೦ ಕಿಲೋಮೀಟರು ಹಬ್ಬಿದೆ. ಎಂಟು ದೇಶಗಳಿಗೆ ಅದರಲ್ಲಿ ಪಾಲುಂಟು. ದೂರದಿಂದ ನೋಡುವವರಿಗೆ ಅದು ಮನುಷ್ಯ ಮುಟ್ಟದ ಕಾಡಿನಂತೆ ತೋರುತ್ತದೆ. ಹತ್ತಿರ ಹೋದರೆ ಬೆಟ್ಟದ ಮೈತುಂಬ ದಾರಿಗಳು. ಕಣಿವೆಯ ತಳದಲ್ಲಿ ಹೆದ್ದಾರಿ. ಅದರ ಪಕ್ಕದಲ್ಲಿ ರೈಲು. ಬೆಟ್ಟದ ಬೆನ್ನನ್ನು ದಾಟುವೆಡೆಗಳಲ್ಲಿ, ಎಂದರೆ ನಾವು ಘಾಟಿ ಎಂದು ಕರೆಯುವ ಸ್ಥಳಗಳಲ್ಲಿ, ಡಾಂಬರು ರಸ್ತೆ. ಇವೆಲ್ಲಕ್ಕೂ ಮೇಲೆ, ಕಾಡಿನ ಒಳಗೆ ಮತ್ತು ಕಾಡು ಮುಗಿದ ಮೇಲಿನ ಹುಲ್ಲಿನಲ್ಲಿ, ಸಾವಿರಾರು ಜಲ್ಲಿಹಾದಿಗಳು. ಹಾಲು ಇಳಿಸುವುದಕ್ಕೆ, ಮರ ಸಾಗಿಸುವುದಕ್ಕೆ, ಒಂದು ಕಾಲದಲ್ಲಿ ತೋಪು ಎಳೆಯುವುದಕ್ಕೆ ಮಾಡಿದವು. ವಿಹಾರಕ್ಕೆಂದು ಮಾಡಿದ ದಾರಿ ಇವುಗಳಲ್ಲಿ ಬಹು ಕಡಿಮೆ.

ಜಲ್ಲಿಯ ಮೇಲೆ ಸೈಕಲ್ಲೆ ಎಂದು ಕೆಲವರು ಹುಬ್ಬೇರಿಸಬಹುದು. ನಿಜವಾಗಿ ನೋಡಿದರೆ ಸೈಕಲ್ಲು ಹುಟ್ಟಿ ಬೆಳೆದದ್ದೇ ಜಲ್ಲಿಯ ಮೇಲೆ. ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧ ಸೈಕಲ್ ಪಂದ್ಯ ೧೯೧೧ರಲ್ಲಿ ಮೊದಲ ಬಾರಿಗೆ ಆಲ್ಪ್ಸಿನ ಗಾಲಿಬಿಯೆ ಘಾಟಿಯನ್ನೇರಿತು. ಸುಮಾರು ೨,೫೫೦ ಮೀಟರು ಎತ್ತರ. ದಾರಿ ಕಲ್ಲು ಮಣ್ಣು ಕೆಸರು. ಗೇರು ಬದಲಿಸುವ ಯಂತ್ರವನ್ನು ಆ ಪಂದ್ಯದವರು ೧೯೩೭ರವರೆಗೆ ಒಪ್ಪಲಿಲ್ಲ. ಹಿಂದಿನ ಚಕ್ರದ ಎರಡು ಮಗ್ಗುಲಿಗೂ ಒಂದೊಂದು ಹಲ್ಲುಚಕ್ರ ಇರುತ್ತಿತ್ತು. ಏರು ಬಂದಾಗ ಸವಾರ ಇಳಿದು, ಚಕ್ರವನ್ನು ಬಿಚ್ಚಿ, ತಿರುಗಿಸಿ ಹಾಕಿ, ಮತ್ತೆ ಹತ್ತಬೇಕು. ಅನಂತರ ಮೋಟಾರು ಹೆಚ್ಚಿತು. ಮೋಟಾರಿಗಾಗಿ ಡಾಂಬರು ಬಂತು. ಸೈಕಲ್ಲಿನವನೂ ಆ ಡಾಂಬರಿನ ಸುಖ ಕಂಡ. ಆದರೆ ಸುಖದ ಜೊತೆಗೆ ಮೋಟಾರೂ ಬಂದಿತ್ತಲ್ಲ! ರಜೆಯ ತಿಂಗಳುಗಳಲ್ಲಿ ಹೆಸರುವಾಸಿಯಾದ ಘಾಟಿಗಳಲ್ಲಿ ಸಾಲುಗಟ್ಟಿದ ಕಾರುಗಳ ಹೊಗೆಯಲ್ಲಿ, ಗುಡುಗುವ ಮೋಟಾರ್ ಸೈಕಲ್ಲುಗಳ ಸಂದಿಯಲ್ಲಿ, ಅವನು ಅಂಚಿಗೆ ಒತ್ತರಿಸಿಕೊಂಡು ತುಳಿಯಬೇಕಾಯಿತು. ಹೀಗಾಗಿ ಅವನು ಮರಳಿ ಜಲ್ಲಿಯನ್ನು ಹುಡುಕಿಕೊಂಡು ಹೊರಟ.

ಇದಕ್ಕೆ ತಕ್ಕ ಸೈಕಲ್ಲೂ ಬಂತು. 'ಗ್ರಾವೆಲ್ ಬೈಕ್' ಎಂದು ಅದರ ಹೆಸರು. ನಾವು ಜಲ್ಲಿ ಸೈಕಲ್ಲು ಎಂದು ಕರೆಯಬಹುದು. ೨೦೦೦ದ ಈಚೆಗೆ ಅಮೆರಿಕದ ಬಯಲು ನಾಡುಗಳಲ್ಲಿ ಇದರ ರೂಢಿ ಹಬ್ಬಿತು. ೨೦೨೨ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಸ್ಪರ್ಧೆಯೂ ನಡೆಯಿತು. ನೋಡುವುದಕ್ಕೆ ಪಂದ್ಯದ ಸೈಕಲ್ಲಿನ ಹಾಗೆಯೇ ಬಾಗಿದ ಹ್ಯಾಂಡಲ್ಲು. ವ್ಯತ್ಯಾಸ ಇರುವುದು ಟೈರಿನಲ್ಲಿ. ಪಂದ್ಯದ ಸೈಕಲ್ಲಿಗೆ ಹೆಬ್ಬೆರಳಿನಷ್ಟು ಅಗಲದ ಟೈರು, ಕಲ್ಲಿನಂತೆ ಗಟ್ಟಿಯಾಗಿ ತುಂಬಿದ ಗಾಳಿ. ಜಲ್ಲಿ ಸೈಕಲ್ಲಿಗೆ ೪೦ ಮಿಲಿಮೀಟರು ಆಸುಪಾಸಿನ ಟೈರು, ಅದರ ಅರ್ಧಕ್ಕೂ ಕಡಮೆ ಒತ್ತಡದ ಗಾಳಿ. ಗಟ್ಟಿ ಟೈರು ಕಲ್ಲಿಗೆ ತಾಗಿದರೆ ನೆಗೆಯುತ್ತದೆ, ಸವಾರನ ಶಕ್ತಿಯೆಲ್ಲ ಆ ನೆಗೆತದಲ್ಲೇ ವ್ಯರ್ಥ. ಮೆತ್ತನೆಯ ಟೈರು ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ಅದರ ಮೇಲೆ ಹರಿದು ಹೋಗುತ್ತದೆ. ಎಷ್ಟೋ ಸೈಕಲ್ಲುಗಳಲ್ಲಿ ಟ್ಯೂಬೇ ಇಲ್ಲ. ಟೈರಿನೊಳಗೆ ಹಾಲಿನಂಥ ಒಂದು ದ್ರವ ಹಾಕಿರುತ್ತಾರೆ. ಮುಳ್ಳು ಚುಚ್ಚಿದರೆ ಆ ದ್ರವವೇ ತೂತಿಗೆ ಹರಿದು ಹೆಪ್ಪುಗಟ್ಟಿ ಮುಚ್ಚುತ್ತದೆ. ಇನ್ನು ಗೇರು: ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನದೇ ದೊಡ್ಡದಾಗುವಷ್ಟು ಹಗುರ. ಕಾಲು ಬೇಗ ಬೇಗ ತಿರುಗುತ್ತದೆ, ಸೈಕಲ್ಲು ಮೆಲ್ಲಗೆ ಏರುತ್ತದೆ.

ಎಷ್ಟು ಮೆಲ್ಲಗೆ? ಶಾಲೆಯ ಲೆಕ್ಕದಂತೆ ನೋಡೋಣ. ನೂರು ಮೀಟರಿಗೆ ಎಂಟು ಮೀಟರು ಏರುವ ದಾರಿಯಲ್ಲಿ ಸಾವಿರ ಮೀಟರು ಮೇಲಕ್ಕೆ ಹೋಗಬೇಕಾದರೆ ಹನ್ನೆರಡೂವರೆ ಕಿಲೋಮೀಟರು ತುಳಿಯಬೇಕು. ಸಾಮಾನ್ಯ ಮೈಕಟ್ಟಿನವನಿಗೆ ಇದು ಎರಡು ಗಂಟೆಯ ಕೆಲಸ. ಆ ಎರಡು ಗಂಟೆಯಲ್ಲಿ ಉಷ್ಣಾಂಶ ಆರು ಡಿಗ್ರಿಯಷ್ಟು ಇಳಿದಿರುತ್ತದೆ. ಕೆಳಗೆ ಅಂಗಿ ಒದ್ದೆಯಾಗುವ ಸೆಕೆ. ಮೇಲೆ ಅದೇ ಒದ್ದೆ ಅಂಗಿಯಲ್ಲಿ ಗಾಳಿ ಹೊಕ್ಕು ಹಲ್ಲು ಕಡಿಯುವ ಚಳಿ. ಆದ್ದರಿಂದ ಬಲ್ಲವನು ಬೇಸಗೆಯ ನಡುವೆಯೂ ಉಣ್ಣೆಯ ಅಂಗಿಯೊಂದನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತಾನೆ. ಬೆಳಗಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಎತ್ತರದ ಸ್ಥಳವನ್ನು ದಾಟುತ್ತಾನೆ. ಏಕೆಂದರೆ ಬೇಸಗೆಯ ಆಲ್ಪ್ಸಿನಲ್ಲಿ ಗುಡುಗುಮಳೆಗೆ ಮಧ್ಯಾಹ್ನದ ಮೇಲಿನ ಹೊತ್ತೇ ಪ್ರಿಯ. ಎತ್ತರದ ದಾರಿಗಳಲ್ಲಿ ಜೂನ್ ತಿಂಗಳ ಕೊನೆಯವರೆಗೂ ಹಿಮದ ತುಣುಕುಗಳು ಬಿದ್ದಿರುವುದುಂಟು. ಒಟ್ಟಿನಲ್ಲಿ ವರ್ಷಕ್ಕೆ ಮೂರು ತಿಂಗಳ ಭಾಗ್ಯ ಇದು. ದನಕ್ಕೂ ಅಷ್ಟೇ, ಸವಾರನಿಗೂ ಅಷ್ಟೇ.

ಇಷ್ಟು ಕಷ್ಟಪಟ್ಟು ಏರಿದವನಿಗೆ ದೊರಕುವುದೇನು? ನೋಟ ದೊರಕುತ್ತದೆ, ನಿಜ. ಆದರೆ ನೋಟ ಕಾರಿನಲ್ಲಿ ಹೋದವನಿಗೂ ದೊರಕೀತು. ಸೈಕಲ್ಲಿನವನಿಗೆ ಮಾತ್ರ ದೊರಕುವುದು ಕಿವಿಯ ಸುಖ. ಟೈರಿನ ಕೆಳಗೆ ಜಲ್ಲಿ ಕರಕರನೆ ನುರಿಯುವ ಸದ್ದು. ಕಣಿವೆಯ ಆಚೆ ದಡದಿಂದ ದನಗಳ ಕೊರಳ ಗಂಟೆ. ಎಲ್ಲಿಯೋ ಕಾಣದ ಝರಿ. ಬಂಡೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ಸೀಟಿ ಕೇಳುತ್ತದೆ. ಅದು ಮನುಷ್ಯನದಲ್ಲ, ಮಾರ್ಮಟ್ ಎಂಬ ಪ್ರಾಣಿಯದು. ಅಳಿಲಿನ ಕುಲಕ್ಕೆ ಸೇರಿದ, ಬೆಕ್ಕಿನಷ್ಟು ದೊಡ್ಡದಾದ, ಚಳಿಗಾಲವನ್ನೆಲ್ಲ ಬಿಲದಲ್ಲಿ ನಿದ್ರಿಸಿ ಕಳೆಯುವ ಜೀವಿ. ಅಪರಿಚಿತರನ್ನು ಕಂಡರೆ ಹೀಗೆ ತನ್ನವರನ್ನು ಎಚ್ಚರಿಸುತ್ತದೆ. ಒಂದೇ ಒಂದು ಮೋಟಾರು ಆ ದಾರಿಯಲ್ಲಿ ಬಂದರೆ ಸಾಕು, ಇದೆಲ್ಲ ಧೂಳಿನೊಳಗೆ ಮುಳುಗುತ್ತದೆ. ನಿಶ್ಶಬ್ದವೆಂದರೆ ಸದ್ದಿಲ್ಲದಿರುವುದಲ್ಲ, ಸಣ್ಣ ಸದ್ದುಗಳಿಗೆ ಎಡೆಯಿರುವುದು.

ಈ ನಿಶ್ಶಬ್ದ ಪ್ರಕೃತಿ ತಾನಾಗಿ ಕೊಟ್ಟದ್ದೆಂದು ತಿಳಿದರೆ ತಪ್ಪಾಗುತ್ತದೆ. ಒಂದೊಂದು ದಾರಿಯ ಮೌನಕ್ಕೂ ಒಂದೊಂದು ಚರಿತ್ರೆಯಿದೆ.

ಮೊದಲನೆಯದು ಉಪ್ಪಿನ ದಾರಿ. ಇಟಲಿಗೂ ಫ್ರಾನ್ಸಿಗೂ ಗಡಿಯಾಗಿರುವ ದಕ್ಷಿಣದ ಆಲ್ಪ್ಸಿನಲ್ಲಿ ತೆಂಡಾ ಎಂಬ ಘಾಟಿಯುಂಟು; ಎತ್ತರ ಸುಮಾರು ೧,೮೭೦ ಮೀಟರು. ಮೆಡಿಟರೇನಿಯನ್ ಕಡಲಿನ ಉಪ್ಪು ಹೇಸರಕತ್ತೆಗಳ ಬೆನ್ನೇರಿ ಈ ಕಡೆಯಿಂದಲೇ ಒಳನಾಡಿಗೆ ಹೋಗುತ್ತಿತ್ತು. ಗಿಣ್ಣು ಮಾಡುವುದಕ್ಕೆ, ಮಾಂಸ ಕೆಡದಂತೆ ಇಡುವುದಕ್ಕೆ, ದನಗಳಿಗೆ ನೆಕ್ಕಿಸುವುದಕ್ಕೆ ಬೆಟ್ಟದವರಿಗೆ ಉಪ್ಪು ಬೇಕೇ ಬೇಕು. ಅನಂತರ ಸೈನ್ಯ ಬಂತು. ಫ್ರಾನ್ಸಿನ ಮೇಲೆ ಕಣ್ಣಿಟ್ಟಿರಲು ಇಟಲಿಯವರು ೧೮೮೦ರ ದಶಕದಲ್ಲಿ ಘಾಟಿಯ ತಲೆಯ ಮೇಲೆ ಕೋಟೆಗಳನ್ನು ಕಟ್ಟಿದರು. ಕೋಟೆಯಿಂದ ಕೋಟೆಗೆ ತೋಪುಗಳನ್ನು ಎಳೆಯಲು ಬೆಟ್ಟದ ನೆತ್ತಿಯುದ್ದಕ್ಕೂ ದಾರಿಗಳನ್ನು ಕಡಿದರು. ತೋಪಿನ ಭಾರ ಕಡಿದಾದ ಏರನ್ನು ತಾಳಲಾರದು. ಅದಕ್ಕಾಗಿ ದಾರಿಯನ್ನು ನಿಧಾನವಾಗಿ, ಸುತ್ತುಸುತ್ತಾಗಿ ಏರಿಸಿದರು. ಕಣಿವೆಯ ಕಡೆಗೆ ಗಾರೆಯಿಲ್ಲದ ಕಲ್ಲುಕಟ್ಟಡವನ್ನು ಎಬ್ಬಿಸಿದರು. ಎರಡನೆಯ ಮಹಾಯುದ್ಧದ ಅನಂತರ ೧೯೪೭ರಲ್ಲಿ ಗಡಿ ಸರಿಯಿತು. ಫ್ರಾನ್ಸನ್ನು ಹೆದರಿಸಲೆಂದು ಕಟ್ಟಿದ ಕೋಟೆ ಫ್ರಾನ್ಸಿನ ನೆಲಕ್ಕೇ ಸೇರಿತು! ತೋಪುಗಳು ಹೋದುವು, ದಾರಿ ಉಳಿಯಿತು.

ಇದೇ ಘಾಟಿಯ ಹೊಟ್ಟೆಯಲ್ಲಿ ೧೮೮೨ರಲ್ಲಿ ಮೂರು ಕಿಲೋಮೀಟರಿಗೂ ಉದ್ದವಾದ ಸುರಂಗ ತೆರೆಯಿತು. ಅಂದಿನಿಂದ ಗಾಡಿಗಳೂ ಬರಬರುತ್ತ ಮೋಟಾರುಗಳೂ ಸುರಂಗದೊಳಕ್ಕೆ ಇಳಿದುವು. ನಲವತ್ತಕ್ಕೂ ಹೆಚ್ಚು ಹೇರ್‌ಪಿನ್ ತಿರುವುಗಳಿರುವ ಹಳೆಯ ಜಲ್ಲಿಹಾದಿ ಮೇಲೆ ಮೌನವಾಗಿ ಉಳಿಯಿತು. ೨೦೨೦ರ ಅಕ್ಟೋಬರಿನಲ್ಲಿ ಭಯಂಕರ ಬಿರುಗಾಳಿ ಮಳೆ ಬಂದು ಆ ಕಣಿವೆಯ ರಸ್ತೆ ಸೇತುವೆಗಳನ್ನು ಕೊಚ್ಚಿ ಹಾಕಿತು. ಸುರಂಗದ ಸಂಚಾರ ಮತ್ತೆ ತೆರೆದದ್ದು ೨೦೨೫ರ ಜೂನಿನಲ್ಲಿ. ಎರಡು ಕಡೆಯ ಹಳ್ಳಿಯ ನೆಂಟರು ಒಬ್ಬರನ್ನೊಬ್ಬರು ನೋಡಬೇಕಾದರೆ ಸುಮಾರು ಐದು ವರ್ಷ ಬಹಳ ಸುತ್ತಿ ಬರಬೇಕಾಯಿತು. ಮೋಟಾರನ್ನು ಹಳಿಯುವಾಗ ಈ ಮಾತನ್ನು ಮರೆಯಬಾರದು. ಮೇಲಿನ ಮೌನ ಉಳಿದಿರುವುದು ಕೆಳಗಿನ ರಸ್ತೆ ತನ್ನ ಕೆಲಸ ಮಾಡುತ್ತಿರುವುದರಿಂದ.

ಈ ಘಾಟಿಯ ಬಳಿಯ ಲಿಮೋನೆ ಎಂಬ ಊರಿನಿಂದ ಮೊನೇಸಿ ಎಂಬ ಹಳ್ಳಿಯ ಕಡೆಗೆ ಸುಮಾರು ೩೯ ಕಿಲೋಮೀಟರು ಸಾಗುವ ಸೈನ್ಯದ ದಾರಿಯನ್ನು ಈಗ 'ಉಪ್ಪಿನ ಮೇಲುದಾರಿ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಹೆಚ್ಚಿನ ಭಾಗವೆಲ್ಲ ೧,೮೦೦ ಮೀಟರಿಗೆ ಮೇಲೆಯೇ. ಸುತ್ತಲೂ ಬಿಳಿಯ ಸುಣ್ಣಕಲ್ಲಿನ ಬೆಟ್ಟ. ಬಿದ್ದ ಮಳೆಯನ್ನೆಲ್ಲ ಬಂಡೆಯ ಬಿರುಕುಗಳು ಕುಡಿದುಬಿಡುವುದರಿಂದ ಮೇಲೆ ನೀರು ಸಿಗುವುದು ಕಷ್ಟ. ಸೀಸೆ ತುಂಬಿಸಿಕೊಂಡೇ ಹೊರಡಬೇಕು. ಇಲ್ಲಿ ಮೋಟಾರನ್ನು ಪೂರ್ತಿ ತಡೆದಿಲ್ಲ. ಬೇಸಗೆಯಲ್ಲಿ ಸುಂಕ ಕೊಟ್ಟು, ದಿನಕ್ಕಿಷ್ಟೇ ಎಂಬ ಮಿತಿಯೊಳಗೆ ಅವು ಹೋಗಬಹುದು. ಆದರೆ ಈಚಿನ ವರ್ಷಗಳ ನಿಯಮದಂತೆ ಮಂಗಳವಾರ ಮತ್ತು ಗುರುವಾರ ಅವುಗಳಿಗೆ ಪ್ರವೇಶವಿಲ್ಲ. ಆ ಎರಡು ದಿನ ದಾರಿ ಕಾಲಿನವರದು ಮತ್ತು ಸೈಕಲ್ಲಿನವರದು. ಎಲ್ಲರಿಗೂ ಪಾಲು ಹಂಚಿಕೊಟ್ಟ ಹಳ್ಳಿಯ ಪಂಚಾಯಿತಿಯ ತೀರ್ಪಿನಂತಿದೆ ಈ ಏರ್ಪಾಡು.

ಇಟಲಿಯ ಇನ್ನೊಂದು ಸೈನ್ಯದ ದಾರಿ ಇದಕ್ಕಿಂತ ಉತ್ತರದಲ್ಲಿ, ತುರೀನ್ ನಗರದ ಪಶ್ಚಿಮಕ್ಕಿದೆ. ಅಸಿಯೆಟ್ಟ ಎಂದು ಹೆಸರು. ೧೭೪೭ರ ಜುಲೈ ೧೯ರಂದು ಇಲ್ಲಿಯ ನೆತ್ತಿಯಲ್ಲಿ ಪಿಯೆಮೊಂಟೆಯವರಿಗೂ ಫ್ರೆಂಚರಿಗೂ ಘೋರ ಕಾಳಗವಾಗಿ, ಫ್ರೆಂಚರ ಸೇನಾಪತಿ ಮಡಿದ. ಸುಮಾರು ೩೫ ಕಿಲೋಮೀಟರು ಉದ್ದದ ಈ ಜಲ್ಲಿಹಾದಿ ಬಹುಪಾಲು ೨,೦೦೦ ಮೀಟರಿಗೆ ಕೆಳಗಿಳಿಯುವುದಿಲ್ಲ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ಹಗಲಿನಲ್ಲಿ ಮೋಟಾರಿಗೆ ಇಲ್ಲಿ ನಿಷೇಧ. ಇದರ ಒಂದು ತುದಿಯಲ್ಲಿ ಫಿನೆಸ್ಟ್ರೆ ಎಂಬ ಘಾಟಿ. ಹೆಸರಿನ ಅರ್ಥ 'ಕಿಟಕಿಗಳು'. ಅದರ ಏರಿನ ಕೊನೆಯ ಎಂಟು ಕಿಲೋಮೀಟರಿಗೆ ಇಂದಿಗೂ ಡಾಂಬರಿಲ್ಲ. ೨೦೦೫ರಲ್ಲಿ ಇಟಲಿಯನ್ನು ಸುತ್ತುವ ಸೈಕಲ್ ಪಂದ್ಯವನ್ನು ಮೊದಲ ಬಾರಿಗೆ ಈ ದಾರಿಯಲ್ಲಿ ಹಾಯಿಸಿದರು. ೨೦೨೫ರಲ್ಲಿ ಆ ಪಂದ್ಯದ ಗೆಲುವು ಕೈಬದಲಾದದ್ದೂ ಈ ಏರಿನಲ್ಲೇ. ಇಂಗ್ಲೆಂಡಿನ ಸೈಮನ್ ಯೇಟ್ಸ್ ಮುಂದಾಳುಗಳನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದ. ಹೀಗೆ ನೂರು ವರ್ಷಗಳ ಹಿಂದಿನ ಜಲ್ಲಿ ಪಂದ್ಯಕ್ಕೆ ಮತ್ತೆ ಬೇಕಾಯಿತು.

ಯುದ್ಧ ಬಿಟ್ಟುಹೋದ ದಾರಿಗಳ ಹಾಗೆ ರೈಲು ಬಿಟ್ಟುಹೋದ ದಾರಿಗಳೂ ಉಂಟು. ಇಟಲಿಯ ಈಶಾನ್ಯದಲ್ಲಿ ಡೊಲೊಮೈಟ್ ಎಂಬ ಕೆಂಬಿಳಿಯ ಕಲ್ಲಿನ ಬೆಟ್ಟಗಳಿವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೈನ್ಯದ ಸಾಮಾನು ಹೊರಲು ಸಣ್ಣ ರೈಲು ಹಳಿಗಳನ್ನು ಹಾಕಿದ್ದರು. ೧೯೨೧ರಲ್ಲಿ ಅದು ಜನರನ್ನು ಒಯ್ಯುವ ರೈಲಾಯಿತು. ೧೯೫೬ರಲ್ಲಿ ಕೊರ್ತಿನಾ ಎಂಬ ಊರಿನಲ್ಲಿ ಚಳಿಗಾಲದ ಒಲಿಂಪಿಕ್ ಆಟಗಳು ನಡೆದಾಗ ಆ ಪುಟ್ಟ ರೈಲಿಗೆ ಬಿಡುವೇ ಇರಲಿಲ್ಲ. ಎಂಟು ವರ್ಷದೊಳಗೆ, ೧೯೬೪ರಲ್ಲಿ, ಮೋಟಾರಿನ ಪೈಪೋಟಿಗೆ ಸಿಕ್ಕಿ ಅದು ನಿಂತುಹೋಯಿತು. ಹಳಿ ಕಿತ್ತರು, ಹಾಸು ಉಳಿಯಿತು. ಇಂದು ಡೊಬ್ಬಿಯಾಕೊ ಎಂಬ ಊರಿನಿಂದ ಕೊರ್ತಿನಾದವರೆಗೆ ಸುಮಾರು ಮೂವತ್ತು ಕಿಲೋಮೀಟರು ಅದೇ ಹಾಸಿನ ಮೇಲೆ ಸೈಕಲ್ಲು ಹೋಗುತ್ತದೆ. ಚಳಿಗಾಲದಲ್ಲಿ ಅದೇ ಹಿಮಜಾರುಗರ ದಾರಿ. ರೈಲು ಕಡಿದಾಗಿ ಏರಲಾರದು. ಆದುದರಿಂದ ದಾರಿಯ ಅತಿ ಎತ್ತರದ ಸ್ಥಳಕ್ಕೆ ಹೋಗಲು ಡೊಬ್ಬಿಯಾಕೊದಿಂದ ಏರಬೇಕಾದದ್ದು ಸುಮಾರು ೩೦೦ ಮೀಟರು ಮಾತ್ರ. ಅಜ್ಜ ಅಜ್ಜಿಯರೂ ಶಾಲೆಯ ಮಕ್ಕಳೂ ಕೆರೆ ನೋಡಿಕೊಂಡು, ಕಮರಿಯ ಮೇಲಿನ ಹಳೆಯ ಸೇತುವೆ ದಾಟಿಕೊಂಡು, ಸುರಂಗದೊಳಗೆ ಕೂಗುಹಾಕಿಕೊಂಡು ಹೋಗುತ್ತಾರೆ. ಗಟ್ಟಿಗನಾದ ಸವಾರನಿಗೆ ಮಾತ್ರ ಬೆಟ್ಟ ಎಂಬ ಮಾತನ್ನು ಈ ದಾರಿ ಸುಳ್ಳು ಮಾಡಿದೆ.

ಇವೆಲ್ಲ ಬೇರೆ ಕಾರಣಕ್ಕೆ ಬಂದೊದಗಿದ ಮೌನ. ಬೇಕೆಂದೇ ಮೌನವನ್ನು ಆರಿಸಿಕೊಂಡ ನಾಡೂ ಒಂದುಂಟು. ಸ್ವಿಟ್ಜರ್ಲೆಂಡಿನ ಪೂರ್ವಭಾಗದ ಗ್ರೌಬುಂಡೆನ್ ಪ್ರಾಂತ ೧೯೦೦ರಲ್ಲಿ ತನ್ನ ಎಲ್ಲ ರಸ್ತೆಗಳಲ್ಲೂ ಮೋಟಾರನ್ನು ನಿಷೇಧಿಸಿತು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಕುದುರೆಗಳು ಬೆದರುತ್ತವೆ, ಧೂಳು ಏಳುತ್ತದೆ, ಸಾಲ ಮಾಡಿ ಕಟ್ಟಿದ ರೈಲಿಗೆ ನಷ್ಟವಾಗುತ್ತದೆ ಎಂಬುದು ಅವರ ವಾದ. ಕಾರಿನಲ್ಲಿ ಬಂದವನು ಪ್ರಾಂತದೊಳಗೆ ಹೋಗಬೇಕಾದರೆ ಯಂತ್ರ ನಿಲ್ಲಿಸಿ, ಕಾರಿನ ಮುಂದೆ ಕುದುರೆ ಕಟ್ಟಿ ಎಳೆಸಬೇಕಾಗಿತ್ತು! ಇದು ನಗೆಯ ಮಾತೆಂದು ತೋರಬಹುದು. ಆದರೆ ಈ ಪ್ರಶ್ನೆಯ ಮೇಲೆ ಆ ಪ್ರಾಂತದ ಜನ ೨೫ ವರ್ಷಗಳಲ್ಲಿ ಹತ್ತು ಬಾರಿ ಮತ ಹಾಕಿದರು. ೧೯೨೫ರಲ್ಲಿ ನಿಷೇಧ ಹೋಯಿತು. ಮೋಟಾರಿನಲ್ಲಿ ಬರುವ ಪ್ರವಾಸಿಗಳು ಬೇರೆ ಪ್ರಾಂತಗಳ ಪಾಲಾಗುತ್ತಿದ್ದಾರೆಂಬ ಕೊರಗು ಹೋಟೆಲಿನವರಿಗಿತ್ತು. ಮೌನಕ್ಕೂ ಬೆಲೆಯುಂಟು, ಕೆಲವರು ಅದನ್ನು ತೆರಲಾರದಾದರು. ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ. ೧೯೯೪ರ ಫೆಬ್ರುವರಿಯಲ್ಲಿ ಸ್ವಿಟ್ಜರ್ಲೆಂಡ್ ದೇಶಕ್ಕೆ ದೇಶವೇ ಮತ ಹಾಕಿ, ಆಲ್ಪ್ಸನ್ನು ಹಾದು ಹೋಗುವ ಲಾರಿ ಸಂಚಾರಕ್ಕಾಗಿ ರಸ್ತೆಗಳನ್ನು ಇನ್ನು ಹಿಗ್ಗಿಸಬಾರದು, ಸರಕು ರೈಲಿನಲ್ಲಿ ಹೋಗಬೇಕು ಎಂದು ಸಂವಿಧಾನದಲ್ಲೇ ಬರೆಯಿಸಿತು. ಒಪ್ಪಿದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ೨೦೧೬ರಲ್ಲಿ ತೆರೆದ ಗೋಥಾರ್ಡ್ ಬೆಟ್ಟದ ೫೭ ಕಿಲೋಮೀಟರು ಉದ್ದದ ರೈಲುಸುರಂಗ ಆ ಸಂಕಲ್ಪದ ಜೊತೆಗೇ ಬೆಳೆದ ಕೆಲಸ.

ಇನ್ನು ದಾರಿ ಯಾರದು ಎಂಬ ಪ್ರಶ್ನೆ. ಮೋಟಾರು ಇಲ್ಲದ ದಾರಿಯೆಲ್ಲ ಸೈಕಲ್ಲಿನವನ ಸ್ವತ್ತಲ್ಲ. ಆಸ್ಟ್ರಿಯದ ೧೯೭೫ರ ಅರಣ್ಯ ಕಾನೂನು ಯಾರು ಬೇಕಾದರೂ ವಿಹಾರಕ್ಕೆ ಕಾಡಿನಲ್ಲಿ ಕಾಲುನಡಗೆಯಿಂದ ಹೋಗಬಹುದೆನ್ನುತ್ತದೆ. ಆದರೆ ಕಾಡಿನ ದಾರಿಯಲ್ಲಿ ಸೈಕಲ್ ತುಳಿಯಬೇಕಾದರೆ ಆ ದಾರಿಯನ್ನು ನೋಡಿಕೊಳ್ಳುವವನ ಒಪ್ಪಿಗೆ ಬೇಕು. ಕಾರಣವಿಲ್ಲದೆ ಇಲ್ಲ. ಇಳಿಜಾರಿನಲ್ಲಿ ಸೈಕಲ್ಲು ರಭಸದಿಂದ ಬರುತ್ತದೆ, ಎದುರಿಗೆ ಮರದ ದಿಮ್ಮಿ ಹೇರಿದ ಲಾರಿ ಬರುತ್ತದೆ. ಅಪಘಾತವಾದರೆ ಹೊಣೆ ಯಾರು? ಟಿರೋಲ್ ಪ್ರಾಂತದವರು ಇದಕ್ಕೆ ಜಗಳವಾಡದೆ ಒಂದು ಉಪಾಯ ಕಂಡುಕೊಂಡರು. ೧೯೯೭ರಿಂದ ಈಚೆಗೆ ಪ್ರಾಂತ ಸರಕಾರದ ನೆರವಿನಿಂದ ದಾರಿಯ ಒಡೆಯರ ಸಂಗಡ ಕರಾರು ಮಾಡಿಕೊಂಡು, ಒಡೆಯನ ಹೊಣೆಗೆ ವಿಮೆಯ ರಕ್ಷೆ ಒದಗಿಸಿ, ಇಂಥಿಂಥ ದಾರಿಗಳಲ್ಲಿ ಸೈಕಲ್ಲು ಹೋಗಬಹುದೆಂದು ಫಲಕ ನೆಟ್ಟರು. ಸವಾರ ಹೀಗೆ ಅತಿಥಿಯಾದ. ಅತಿಥಿಗೆ ಸತ್ಕಾರವುಂಟು, ಆದರೆ ಅತಿಥಿ ಅಟ್ಟ ಹತ್ತಿ ನೋಡಬಾರದು.

ಅತಿಥಿಧರ್ಮ ಜಲ್ಲಿಹಾದಿಯಲ್ಲಿ ಬಹು ಸ್ಥೂಲವಾದದ್ದು. ಕೈಯಲ್ಲಿ ಹಿಡಿದು ತೋರಿಸಬಹುದು. ಬೆಟ್ಟದ ದಾರಿಯ ಶತ್ರು ನೀರು. ಮಳೆನೀರು ದಾರಿಯುದ್ದಕ್ಕೂ ಹರಿದರೆ ಒಂದೇ ಚಳಿಗಾಲದಲ್ಲಿ ಅದು ಹಳ್ಳವಾಗುತ್ತದೆ. ಅದಕ್ಕಾಗಿ ಕೆಲವು ಮಾರಿಗೊಂದರಂತೆ ಮರದ ಇಲ್ಲವೆ ಕಬ್ಬಿಣದ ಅಡ್ಡಮೋರಿ ಕೂಡಿಸಿ ನೀರನ್ನು ಪಕ್ಕಕ್ಕೆ ಬಿಡುತ್ತಾರೆ. ಹಿಂದಿನ ಬ್ರೇಕನ್ನು ಅದುಮಿ ಚಕ್ರವನ್ನು ಜಾರಿಸಿಕೊಂಡು ಇಳಿಯುವವನು ಜಲ್ಲಿಯಲ್ಲಿ ಒಂದು ಗೀರು ಎಳೆಯುತ್ತಾನೆ. ಮುಂದಿನ ಮಳೆ ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ತಿರುವನ್ನು ಬಿಟ್ಟು ಹುಲ್ಲಿನ ಮೇಲೆ ನೇರವಾಗಿ ಇಳಿಯುವವನು ದನದ ಮೇವನ್ನೂ ದಾರಿಯ ಅಂಚನ್ನೂ ಒಟ್ಟಿಗೆ ಕೆಡಿಸುತ್ತಾನೆ. ಇವನ್ನು ತಿದ್ದುವುದಕ್ಕೆ ಸಲಿಕೆ ಹಿಡಿಯಬೇಕಾದವನು ಮೇಲೆ ನೂರು ದಿನ ದನ ಕಾಯ್ದು ಗಿಣ್ಣು ಮಾಡುವ ರೈತ.

ಆ ರೈತನ ಭಯಗಳೂ ಬೇರೆ. ಇಟಲಿಯ ಕಡೆಯಿಂದ ತೋಳಗಳು ತಾವಾಗಿಯೇ ಆಲ್ಪ್ಸಿಗೆ ಮರಳಿವೆ. ಫ್ರಾನ್ಸಿನ ದಕ್ಷಿಣದಲ್ಲಿ ಅವು ೧೯೯೨ರಲ್ಲಿ ಕಾಣಿಸಿಕೊಂಡುವು. ಕುರಿಗಳನ್ನು ಕಾಯಲು ದೊಡ್ಡ ಬಿಳಿಯ ನಾಯಿಗಳನ್ನು ಮಂದೆಯೊಡನೆ ಬಿಡುತ್ತಾರೆ. ವೇಗವಾಗಿ ಮೇಲೆ ಬರುವ ಸೈಕಲ್ಲು ನಾಯಿಯ ಕಣ್ಣಿಗೆ ತೋಳಕ್ಕಿಂತ ಒಳ್ಳೆಯದಾಗಿ ಕಾಣುವುದಿಲ್ಲ. ಆಗ ಸವಾರ ಇಳಿಯಬೇಕು, ಸೈಕಲ್ಲನ್ನು ತನಗೂ ನಾಯಿಗೂ ನಡುವೆ ಹಿಡಿದುಕೊಳ್ಳಬೇಕು, ಮೆಲುದನಿಯಲ್ಲಿ ಮಾತನಾಡುತ್ತ ಮಂದೆಯನ್ನು ಬಳಸಿಕೊಂಡು ನಡೆಯಬೇಕು. ಕರುವಿರುವ ಹಸುವಿನ ವಿಷಯದಲ್ಲೂ ಅಷ್ಟೆ. ಸಾಧುವೆಂದು ನಂಬಿ ಬಳಿಗೆ ಹೋಗಬಾರದು.

ಕಾಲ ಹೊಸ ತೊಡಕುಗಳನ್ನೂ ತಂದಿದೆ. ವಿದ್ಯುತ್ ಸಹಾಯದ ಸೈಕಲ್ಲುಗಳು ಬಂದಿವೆ. ಯೂರೋಪಿನ ನಿಯಮದಂತೆ ೨೫೦ ವಾಟಿನ ಮೋಟಾರು, ಗಂಟೆಗೆ ೨೫ ಕಿಲೋಮೀಟರಿನವರೆಗೆ ಸಹಾಯ. ಮಂಡಿ ಸೋತವರೂ ಈಗ ಹುಲ್ಲುಗಾವಲು ಕಾಣುವಂತಾಯಿತು, ಒಳ್ಳೆಯದೇ. ಆದರೆ ಏರುವ ಶ್ರಮವೇ ಜನರ ಸಂಖ್ಯೆಗೆ ಹಾಕಿದ್ದ ಮಿತಿ ಅದರಿಂದ ಸಡಿಲವಾಯಿತು. ಇದಕ್ಕಿಂತ ದೊಡ್ಡ ವಿಡಂಬನೆ ಇನ್ನೊಂದು. ಮೋಟಾರಿಲ್ಲದ ದಾರಿಯಲ್ಲಿ ಸೈಕಲ್ ತುಳಿಯಬೇಕೆಂದು ಎಷ್ಟೋ ಮಂದಿ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ನೂರಾರು ಕಿಲೋಮೀಟರು ಬರುತ್ತಾರೆ. ಮೇಲೆ ಮೌನ, ಕೆಳಗಿನ ಹಳ್ಳಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಗದ್ದಲ. ಮೇಲಿನವರ ನೆಮ್ಮದಿಯ ಸುಂಕವನ್ನು ಕೆಳಗಿನವರು ತೆತ್ತ ಹಾಗಾಯಿತು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಡೊಬ್ಬಿಯಾಕೊ ಊರಿಗೆ ರೈಲಿದೆ, ಲಿಮೋನೆಗೂ ರೈಲಿದೆ. ಒಂದು ಕಾಲಕ್ಕೆ ಮೋಟಾರಿಗೆ ಬಾಗಿಲು ಹಾಕಿದ ಗ್ರೌಬುಂಡೆನ್ ಪ್ರಾಂತದ ಕೆಂಪು ಬಣ್ಣದ ಬೆಟ್ಟದ ರೈಲು ಇಂದೂ ಓಡುತ್ತಿದೆ, ಸೈಕಲ್ಲನ್ನೂ ಹೇರಿಕೊಳ್ಳುತ್ತದೆ. ರೈಲಿನಿಂದ ಇಳಿದು ನಿಲ್ದಾಣದ ಬಾಗಿಲಲ್ಲೇ ಸೈಕಲ್ ಹತ್ತಿದವನು ಮಾತ್ರ ತಾನು ಮೋಟಾರಿಲ್ಲದ ದಾರಿಯಲ್ಲಿ ಹೋದೆನೆಂದು ನಿಜವಾಗಿ ಹೇಳಬಲ್ಲ.

ಮೌನವಾದ ದಾರಿ ಯಾರೋ ಬಿಟ್ಟುಹೋದ ದಾರಿಯಲ್ಲ, ಯಾರೋ ಕಾಯ್ದುಕೊಂಡಿರುವ ದಾರಿ. ವಾರದಲ್ಲಿ ಎರಡು ದಿನ ಎಂದು ಪಾಲು ಮಾಡಿದವರು, ಮತ ಹಾಕಿದವರು, ಕರಾರಿಗೆ ಸಹಿ ಮಾಡಿದವರು, ಮಳೆ ನಿಂತ ಮರುದಿನ ಮೋರಿಯ ಕಸ ತೆಗೆದವರು, ಇವರೆಲ್ಲ ಸೇರಿ ಅದನ್ನು ಉಳಿಸಿದ್ದಾರೆ. ಸವಾರ ಕೊಡಬೇಕಾದದ್ದು ಬಹಳವೇನೂ ಇಲ್ಲ. ಮಲೆನಾಡಿನಲ್ಲಿ ದಣಪೆ, ಉಣುಗೋಲು ಎನ್ನುತ್ತಾರಲ್ಲ, ಅಂಥ ಬೇಲಿಯ ಬಾಗಿಲು ಆ ಹುಲ್ಲುಗಾವಲುಗಳ ದಾರಿಯಲ್ಲಿ ಮತ್ತೆ ಮತ್ತೆ ಅಡ್ಡ ಬರುತ್ತದೆ. ಇಳಿದು ತೆರೆಯಬೇಕು, ದಾಟಿದ ಮೇಲೆ, ಎಷ್ಟೇ ದಣಿದಿದ್ದರೂ, ಹಿಂದಿರುಗಿ ಅದನ್ನು ಹಾಕಬೇಕು. ಅದು ತೆರೆದೇ ಉಳಿದರೆ ಸಂಜೆ ದನ ಹುಡುಕಲು ಕಣಿವೆಗೆ ಇಳಿಯುವವನು ಬೇರೊಬ್ಬ. ಅಂಥ ಎರಡು ಸಂಜೆಗಳಾದ ಮೇಲೆ ಆ ಬಾಗಿಲಿಗೆ ಬೀಗ ಬೀಳುತ್ತದೆ.